ಚಿಲ್ಕಾಗೆ ಹೊರಟವರ ಮನೆಯವರಿಗೆ: ನೌಕಾಪಡೆ ತರಬೇತಿಗೆ ಮಕ್ಕಳನ್ನು ಕಳಿಸುವ ಸಮಗ್ರ ಮಾರ್ಗದರ್ಶಿ

ನನ್ನ ತಮ್ಮನಿಗೆ ನೌಕಾಪಡೆಯ ಕಾಲ್ ಲೆಟರ್ ಬಂದ ದಿನ ಅವ್ವ ಮೊದಲು ಅಟ್ಟದಿಂದ ಉಪ್ಪಿನಕಾಯಿ ಭರಣಿ ಇಳಿಸಿದಳು. ಅಪ್ಪ ನೆಂಟರಿಗೆಲ್ಲ ಫೋನ್ ಹಚ್ಚಿದರು. ತಮ್ಮ ಒಬ್ಬನೇ ಹಿತ್ತಲಲ್ಲಿ ಕೂತು ಆ ಲೆಟರನ್ನು ಮೂರನೇ ಸಲ ಓದುತ್ತಿದ್ದ. ಮನೆಯಲ್ಲಿ ಬೇರೆ ಯಾರೂ ಅದನ್ನು ಒಂದು ಸಲವೂ ಪೂರ್ತಿ ಓದಿರಲಿಲ್ಲ.

ಆಮೇಲಿನ ನಾಲ್ಕು ತಿಂಗಳಲ್ಲಿ ನಾವು ಕಲಿತಿದ್ದನ್ನು ಇಲ್ಲಿ ಬರೆದಿದ್ದೇನೆ. ಹೋಗುವ ಹುಡುಗ ಹುಡುಗಿಯರಿಗೆ ಸಲಹೆ ಕೊಡುವವರು ಬಹಳ ಜನ ಇದ್ದಾರೆ. ಮನೆಯವರು ಏನು ಮಾಡಬೇಕು ಅಂತ ಹೇಳುವವರು ಕಡಿಮೆ. ಅಲ್ಲಿ ಅವರ ದೇಹ, ಮನಸ್ಸು ಎರಡಕ್ಕೂ ಸಾಕಷ್ಟು ಭಾರ ಬೀಳುತ್ತದೆ. ಮನೆಯ ಭಾರವನ್ನೂ ಅದರ ಮೇಲೆ ಹೇರದೇ ಇರುವುದೇ ನಮ್ಮ ದೊಡ್ಡ ಕೆಲಸ. ಅದಕ್ಕೆ ಮನೆಯವರೂ ಮೊದಲೇ ತಯಾರಾಗಬೇಕಾಗುತ್ತದೆ.

ಮೊದಲು: ಎಲ್ಲಿಗೆ, ಯಾವ ಲೆಕ್ಕದಲ್ಲಿ ಹೋಗುತ್ತಿದ್ದಾರೆ ಅಂತ ತಿಳಿದುಕೊಳ್ಳಿ

ನಾವಿಕರಾಗಿ ಸೇರುವ ಅಗ್ನಿವೀರರ ಮೊದಲ ತರಬೇತಿ ನಡೆಯುವುದು ಒಡಿಶಾದ ಖುರ್ದಾ ಜಿಲ್ಲೆಯಲ್ಲಿರುವ ಐಎನ್‌ಎಸ್ ಚಿಲ್ಕಾದಲ್ಲಿ. ಹೆಸರಿನಲ್ಲಿ ಐಎನ್‌ಎಸ್ (ಇಂಡಿಯನ್ ನೇವಲ್ ಶಿಪ್) ಇದೆ ಅಂತ ನಮ್ಮಜ್ಜ ಅದನ್ನು ಹಡಗು ಅಂದುಕೊಂಡಿದ್ದರು. ಅದು ಹಡಗಲ್ಲ, ಚಿಲಿಕಾ ಸರೋವರದ ಪಕ್ಕದ ನೆಲದ ಮೇಲಿರುವ ದೊಡ್ಡ ತರಬೇತಿ ಕೇಂದ್ರ. 1980ರಿಂದ ನಡೆಯುತ್ತಿದೆ. ತರಬೇತಿ ಸುಮಾರು ನಾಲ್ಕು ತಿಂಗಳು. ಡ್ರಿಲ್, ಪಿಟಿ, ಈಜು, ಬಂದೂಕು ತರಬೇತಿ, ಹಡಗಿನ ಕೆಲಸದ ಪಾಠ, ಪರೀಕ್ಷೆ ಎಲ್ಲ ಇರುತ್ತದೆ.

ಸೇರುವುದು ಅಗ್ನಿಪಥ ಯೋಜನೆಯ ಅಡಿಯಲ್ಲಿ. ಇದು 2022ರ ಜೂನ್‌ನಲ್ಲಿ ಘೋಷಣೆಯಾಯಿತು. ಸೇವೆ ನಾಲ್ಕು ವರ್ಷ. ಆಮೇಲೆ ಒಂದು ಬ್ಯಾಚಿನ ಶೇಕಡಾ 25ರವರೆಗೆ ಕಾಯಂ ಸೇವೆಗೆ ತೆಗೆದುಕೊಳ್ಳುತ್ತಾರೆ ಎಂಬುದು ಯೋಜನೆಯ ನಿಯಮ. ಮೊದಲ ವರ್ಷದ ಸಂಬಳ ತಿಂಗಳಿಗೆ 30,000 ರೂಪಾಯಿ, ಕೈಗೆ ಬರುವುದು 21,000. ಉಳಿದ 9,000 ಸೇವೆ ಮುಗಿದಾಗ ಒಟ್ಟಿಗೆ ಸಿಗುವ ಸೇವಾ ನಿಧಿಗೆ ಹೋಗುತ್ತದೆ. ಅಷ್ಟೇ ಹಣವನ್ನು ಸರ್ಕಾರವೂ ಹಾಕುತ್ತದೆ. ನಾಲ್ಕನೇ ವರ್ಷಕ್ಕೆ ಸಂಬಳ 40,000, ಕೈಗೆ 28,000. ಕೊನೆಗೆ ಸೇವಾ ನಿಧಿಯ ದುಡ್ಡು ಬಡ್ಡಿ ಸೇರಿ ಸುಮಾರು 11.71 ಲಕ್ಷ. ಅದಕ್ಕೆ ಆದಾಯ ತೆರಿಗೆ ಇಲ್ಲ. ಸೇವೆಯಲ್ಲಿರುವಾಗ 48 ಲಕ್ಷದ ಜೀವ ವಿಮೆಯೂ ಇದೆ. ಅದಕ್ಕೆ ಕಂತು ಕಟ್ಟಬೇಕಿಲ್ಲ.

ಈ ಲೆಕ್ಕವನ್ನು ಮನೆಯವರೆಲ್ಲ ಒಟ್ಟಿಗೆ ಕೂತು ಒಂದೇ ಸಲ ಮಾತಾಡಿ ಮುಗಿಸಿ. "ನಾಲ್ಕು ವರ್ಷ ಆದಮೇಲೆ ಏನು?" ಅನ್ನೋ ಪ್ರಶ್ನೆ ನ್ಯಾಯವಾದದ್ದೇ. ಅದನ್ನು ಹೊರಡುವ ಮೊದಲು ಕೇಳಿ. ತರಬೇತಿ ಶುರುವಾದ ಮೇಲೆ ಫೋನಿನಲ್ಲಿ ಕೇಳಬೇಡಿ. ಬೆಳಗಿನ ಓಟ ಮುಗಿಸಿ ಕಾಲು ಹಿಡಿದುಕೊಂಡು ಕೂತವನ ಹತ್ತಿರ ಅದಕ್ಕೆ ಉತ್ತರ ಇರುವುದಿಲ್ಲ.

ಮದುವೆ ವಿಷಯವೂ ಅಷ್ಟೇ. ಸೇರುವಾಗ ಮದುವೆ ಆಗಿರಬಾರದು, ಆ ನಾಲ್ಕು ವರ್ಷದಲ್ಲಿ ಆಗಲೂಬಾರದು. ಮದುವೆಯಾದರೆ ಸೇವೆಯಿಂದ ತೆಗೆಯುತ್ತಾರೆ. ಹೆಣ್ಣು ನೋಡಿಟ್ಟ ಸೋದರಮಾವಂದಿರಿಗೆ ಇದನ್ನು ಮೊದಲೇ ಸ್ಪಷ್ಟವಾಗಿ ಹೇಳಿಬಿಡಿ.

ಕಾಗದ ಪತ್ರ: ಇದು ಪೂರ್ತಿ ಮನೆಯವರ ಜವಾಬ್ದಾರಿ ಅಂದುಕೊಳ್ಳಿ

ಹುಡುಗ ಓಡಲಿ, ನೀವು ಕಚೇರಿ ಸುತ್ತಿ. ನಮ್ಮ ಕಡೆ ಜಾಸ್ತಿ ಜನ ಸಿಕ್ಕಿಬೀಳುವುದು ಹೆಸರಿನಲ್ಲಿ. ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡಿನಲ್ಲಿ ಹೆಸರಿನ ಮುಂದೆ ಒಂದು ಇನಿಷಿಯಲ್ ಇರುತ್ತದೆ. ಆಧಾರ್‌ನಲ್ಲಿ ಅಪ್ಪನ ಹೆಸರು, ಮನೆತನದ ಹೆಸರು ಎಲ್ಲ ಬಿಡಿಸಿ ಬರೆದಿರುತ್ತಾರೆ. ಪ್ಯಾನ್ ಕಾರ್ಡಿನಲ್ಲಿ ಮೂರನೇ ತರಹ. ಅಪ್ಪ ಅಮ್ಮನ ಹೆಸರಿನ ಅಕ್ಷರಗಳೂ ಬೇರೆ ಬೇರೆ. ಎಲ್ಲವನ್ನೂ ಮೇಜಿನ ಮೇಲೆ ಹರಡಿ, ಒಂದೊಂದೇ ಅಕ್ಷರ ಕೈಯಿಟ್ಟು ನೋಡಿ. ಎಸ್‌ಎಸ್‌ಎಲ್‌ಸಿ ಕಾರ್ಡನ್ನು ಆಧಾರವಾಗಿ ಇಟ್ಟುಕೊಂಡು ಉಳಿದದ್ದನ್ನು ಸರಿಪಡಿಸಿ. ಇದಕ್ಕೆ ವಾರಗಟ್ಟಲೆ ಹಿಡಿಯುತ್ತದೆ. ಆದ್ದರಿಂದ ಪರೀಕ್ಷೆ ಬರೆದ ಕೂಡಲೇ ಶುರು ಮಾಡಿದರೂ ಬೇಗ ಆಯಿತು ಅಂತಲ್ಲ.

ಪೊಲೀಸ್ ವೆರಿಫಿಕೇಶನ್ ಫಾರಂ ತುಂಬಾ ಮುಖ್ಯ. ನೌಕಾಪಡೆ ಕೊಡುವ ಫಾರಂ ಅನ್ನೇ ಇಳಿಸಿಕೊಂಡು ಪೊಲೀಸರಿಂದ ಪರಿಶೀಲನೆ ಮಾಡಿಸಬೇಕು. ಅದಿಲ್ಲದೆ ಹೋದರೆ ಸೇರಿಸಿಕೊಳ್ಳುವುದಿಲ್ಲ. ಸ್ಟೇಷನ್ನಿಗೆ ಅಪ್ಪನೋ ಚಿಕ್ಕಪ್ಪನೋ ಜೊತೆಗೆ ಹೋಗಿ. ಹದಿನೇಳೂವರೆ ವರ್ಷಕ್ಕೇ ಸೇರಬಹುದಾದ್ದರಿಂದ ಎಷ್ಟೋ ಮಕ್ಕಳಿಗೆ ಹದಿನೆಂಟು ತುಂಬಿರುವುದಿಲ್ಲ. ಅಂಥವರ ಫಾರಂಗೆ ತಂದೆ ತಾಯಿ ಅಥವಾ ಪೋಷಕರ ಸಹಿ ಬೇಕು. ಸಹಿ ಹಾಕುವ ಮೊದಲು ಓದಿ. ಓದಲು ಬರದವರಿಗೆ ಮಕ್ಕಳೇ ಕೂತು ಕನ್ನಡದಲ್ಲಿ ಹೇಳಿ.

ಮೂಲ ಪ್ರತಿಗಳು ಒಂದು ಫೈಲಿನಲ್ಲಿ, ಜೆರಾಕ್ಸ್ ಇನ್ನೊಂದರಲ್ಲಿ, ಫೋಟೋಗಳು ಒಂದು ಕವರಿನಲ್ಲಿ. ಇನ್ನೊಂದು ಸೆಟ್ ಜೆರಾಕ್ಸ್ ಮನೆಯಲ್ಲೇ ಇರಲಿ. ಬ್ಯಾಂಕ್ ಖಾತೆ ಹೊರಡುವ ಮೊದಲೇ ತೆರೆದಿರಲಿ.

ಹೊರಡುವ ಆರು ವಾರ ಮೊದಲು: ದೇಹ

ಆಯ್ಕೆಯ ಓಟದಲ್ಲಿ ಗಂಡು ಮಕ್ಕಳು 1.6 ಕಿಲೋಮೀಟರ್ ಅನ್ನು ಆರೂವರೆ ನಿಮಿಷದಲ್ಲಿ, ಹೆಣ್ಣು ಮಕ್ಕಳು ಎಂಟು ನಿಮಿಷದಲ್ಲಿ ಮುಗಿಸಿರುತ್ತಾರೆ. ಪಾಸಾದ ಖುಷಿಯಲ್ಲಿ ಒಂದು ತಿಂಗಳು ಸುಮ್ನೆ ಕೂತರೆ ಅಷ್ಟೂ ಇಳಿದುಹೋಗುತ್ತದೆ. ಅಲ್ಲಿ ಹೋಗಿ ದಿಢೀರ್ ಅಂತ ಓಡಿದಾಗ ಮೊಣಕಾಲಿನ ಕೆಳಗೆ ಮುಂಭಾಗದ ಮೂಳೆ ನೋವು ಶುರುವಾಗುತ್ತದೆ. ಹೊಸಬರನ್ನು ಹಿಂದೆ ಹಾಕುವುದು ಬಹುಪಾಲು ಇದೇ. ದಿನಾ ಬೆಳಗ್ಗೆ ಸ್ವಲ್ಪ ಸ್ವಲ್ಪವೇ ಜಾಸ್ತಿ ಮಾಡುತ್ತಾ ಓಡಲಿ. ವಾರದಲ್ಲಿ ಒಂದು ದಿನ ಬಿಡುವು ಕೊಡಲಿ. ಆ ಹೊತ್ತಿಗೆ ಯಾರಾದರೂ ಎದ್ದು ಒಂದು ಲೋಟ ಹಾಲೋ ಗಂಜಿಯೋ ಕಾಯಿಸಿ ಕೊಟ್ಟರೆ ಅದೇ ದೊಡ್ಡ ಬೆಂಬಲ. ನಮ್ಮಪ್ಪ ನಸುಕಿನಲ್ಲೇ ಸೈಕಲ್ ತಗೊಂಡು ಅವನ ಹಿಂದೆ ಹೋಗುತ್ತಿದ್ದರು. ಮಾತೇನೂ ಆಡುತ್ತಿರಲಿಲ್ಲ. ತಮ್ಮ ಈಗಲೂ ಅದನ್ನು ನೆನೆಸಿಕೊಳ್ಳುತ್ತಾನೆ.

ಈಜು ಬರದಿದ್ದರೆ ಕಲಿಸಿ. ಕರಾವಳಿ ಮಕ್ಕಳಿಗೆ ಇದು ಚಿಂತೆಯಲ್ಲ. ನಮ್ಮಂಥ ಬಯಲುಸೀಮೆಯವರಿಗೆ ನೀರಿನ ಭಯವೇ ದೊಡ್ಡದು. ನನ್ನ ತಮ್ಮ ಊರ ಬಾವಿಯಲ್ಲಿ ಸೊಂಟಕ್ಕೆ ಸೋರೆ ಬುರುಡೆ ಕಟ್ಟಿಕೊಂಡು ಕಲಿತ. ಹತ್ತಿರದ ಪಟ್ಟಣದಲ್ಲಿ ಈಜುಕೊಳ ಇದ್ದರೆ ಇನ್ನೂ ಒಳ್ಳೆಯದು. ಚೆನ್ನಾಗಿ ಈಜಲೇಬೇಕು ಅಂತಿಲ್ಲ. ತಲೆ ಮುಳುಗಿದಾಗ ಗಾಬರಿ ಆಗದಷ್ಟು ಅಭ್ಯಾಸವಾದರೆ ಉಳಿದದ್ದನ್ನು ಅಲ್ಲಿ ಕಲಿಸುತ್ತಾರೆ. ಬಾವಿಯಾಗಲಿ ಕೆರೆಯಾಗಲಿ, ಈಜು ಬಲ್ಲ ದೊಡ್ಡವರು ಜೊತೆಗೆ ಇರಲೇಬೇಕು.

ಇನ್ನೊಂದು ಮಾತು. ಚಿಲ್ಕಾಗೆ ಹೋದ ಮೇಲೆ ಮತ್ತೊಂದು ಮೆಡಿಕಲ್ ಇರುತ್ತದೆ. ಅದರಲ್ಲಿ ಪಾಸಾದರೆ ಮಾತ್ರ ಸೇರಿದ ಹಾಗೆ. ಕಿವಿಯ ಗುಗ್ಗೆ ತೆಗೆಸಿಕೊಂಡು, ಹಲ್ಲು ಕ್ಲೀನ್ ಮಾಡಿಸಿಕೊಂಡು ಬನ್ನಿ ಅಂತ ನೌಕಾಪಡೆಯೇ ಅಭ್ಯರ್ಥಿಗಳಿಗೆ ಹೇಳುತ್ತದೆ. ಸಣ್ಣ ಖರ್ಚಿನ ಕೆಲಸ. ಕಿವಿಗೆ ಕಡ್ಡಿ ಹಾಕಿ ಮನೆಯಲ್ಲೇ ಕೆದಕಬೇಡಿ, ಡಾಕ್ಟರ್ ಹತ್ತಿರ ಹೋಗಿ. ಹೊರಡುವ ಮುಂಚೆ ಹೊಸ ಹಚ್ಚೆ ಹಾಕಿಸಿಕೊಳ್ಳಲು ಬಿಡಬೇಡಿ, ಅದಕ್ಕೂ ನಿಯಮ ಇದೆ.

ಕೈಕೆಲಸ ಮತ್ತು ಭಾಷೆ

ಅವ್ವ ಹದಿನೆಂಟು ವರ್ಷ ತಮ್ಮನ ಬಟ್ಟೆ ಒಗೆದಿದ್ದಳು. ಕೊನೆಯ ತಿಂಗಳು ಅಕ್ಕನಾಗಿ ನಾನು ಅದನ್ನು ನಿಲ್ಲಿಸಿದೆ. ಮೊದಲ ವಾರ ಅವ್ವನಿಗೆ ನನ್ನ ಮೇಲೆ ಸಿಟ್ಟು. ಆದರೂ ಅವನು ಒಗೆಯುವುದು, ಇಸ್ತ್ರಿ ಮಾಡುವುದು, ಶೂ ಪಾಲಿಶ್, ಹಾಸಿಗೆ ಮಡಿಸುವುದು ಎಲ್ಲ ಮಾಡಿದ. ಗುಂಡಿ ಹಾಕುವುದಕ್ಕೆ ಹಳೇ ಅಂಗಿ ಒಂದನ್ನು ಕೊಟ್ಟೆ. ಸೂಜಿಗೆ ದಾರ ಪೋಣಿಸಲು ಅವತ್ತು ಕಾಲು ಗಂಟೆ ಹಿಡಿಯಿತು. ಎಂಟನೇ ದಿನಕ್ಕೆ ಕರೆಂಟ್ ಹೋದಾಗ ಮೊಬೈಲ್ ಬೆಳಕಿನಲ್ಲಿ ಹಾಕಿದ. ಅಲ್ಲಿ ಸಮಯ ನಿಮಿಷದ ಲೆಕ್ಕ. ಈ ಕೆಲಸಗಳು ಕೈಗೆ ಕೂತಿದ್ದರೆ ನಿದ್ದೆಗೆ ಸ್ವಲ್ಪ ಜಾಸ್ತಿ ಹೊತ್ತು ಸಿಗುತ್ತದೆ.

ಅಲ್ಲಿನ ದಿನನಿತ್ಯದ ಮಾತು ಹಿಂದಿ. ಡ್ರಿಲ್ ಆದೇಶಗಳೂ ಹಿಂದಿಯಲ್ಲೇ. ನಮ್ಮ ಮಕ್ಕಳಿಗೆ ಶಾಲೆಯ ಹಿಂದಿ ಗೊತ್ತಿರುತ್ತದೆ, ಜೋರಾಗಿ ಕೂಗಿ ಹೇಳಿದ ಹಿಂದಿ ಅರ್ಥವಾಗುವುದಿಲ್ಲ. ದಿನಾ ಅರ್ಧ ಗಂಟೆ ಹಿಂದಿ ಸುದ್ದಿ ಕೇಳಲಿ. ಎಡ ಬಲ, ಮುಂದೆ ಹಿಂದೆ, ಅಂಕಿಗಳು ನಾಲಿಗೆಗೆ ಕೂರಲಿ. ನೂರರವರೆಗಿನ ಹಿಂದಿ ಎಣಿಕೆ ನಮ್ಮವರಿಗೆ ಕಷ್ಟ, ಅದನ್ನು ಬಾಯಿಪಾಠ ಮಾಡಿಸಿ.

ಕಾರವಾರಕ್ಕೆ ಹೋಗಲು ಸಾಧ್ಯವಾದರೆ ಒಂದು ದಿನ ಹೋಗಿಬನ್ನಿ. ಅಲ್ಲಿ ಐಎನ್‌ಎಸ್ ಕದಂಬ ನೌಕಾನೆಲೆ ಇದೆ, ಒಳಗೆ ಬಿಡುವುದಿಲ್ಲ. ಆದರೆ ರವೀಂದ್ರನಾಥ ಟ್ಯಾಗೋರ್ ಕಡಲತೀರದಲ್ಲಿ ಚಪಲ್ ಎಂಬ ಯುದ್ಧನೌಕೆಯನ್ನು ಮ್ಯೂಸಿಯಂ ಮಾಡಿ ಇಟ್ಟಿದ್ದಾರೆ. ಒಳಗಿನ ಇಕ್ಕಟ್ಟು ಮೆಟ್ಟಿಲು ಇಳಿದು ನೋಡಿದ ಮೇಲೆ ಅವ್ವನಿಗೆ "ಹಡಗಿನ ಕೆಲಸ" ಅನ್ನೋದು ಬರೀ ಮಾತಾಗಿ ಉಳಿಯಲಿಲ್ಲ.

ಪೆಟ್ಟಿಗೆ

ಕಾಲ್ ಲೆಟರ್ ಜೊತೆ ಏನು ತರಬೇಕು, ಏನು ತರಬಾರದು ಅಂತ ಪಟ್ಟಿ ಇರುತ್ತದೆ. ಅದೇ ಅಂತಿಮ. ನಮ್ಮದೂ ಒಂದಿಷ್ಟು ಸೇರಲಿ ಅನ್ನಬೇಡಿ. ಓಟದ ಶೂ ಹೊಸದನ್ನು ಕೊಳ್ಳುವುದಾದರೆ ತಿಂಗಳ ಮೊದಲೇ ಕೊಂಡು ಕಾಲಿಗೆ ಒಗ್ಗಿಸಿ. ಹೊರಡುವ ಹಿಂದಿನ ದಿನ ಕೊಂಡ ಶೂ ಗುಳ್ಳೆ ಎಬ್ಬಿಸುತ್ತದೆ. ಚಿನ್ನದ ಸರ, ಉಂಗುರ ಮನೆಯಲ್ಲೇ ಇರಲಿ.

ತಿಂಡಿ ದಾರಿಗೆ ಸಾಕಾಗುವಷ್ಟು ಮಾತ್ರ. ಅವ್ವನ ಭರಣಿಯಿಂದ ಒಂದು ಸಣ್ಣ ಡಬ್ಬಿ ತುಂಬಿ ರೈಲಿಗೆ ಕೊಟ್ಟೆವು, ಉಳಿದದ್ದು ಅಟ್ಟಕ್ಕೆ ಹೋಯಿತು. ಅವನ ಸ್ವಂತ ಕೈಬರಹದಲ್ಲಿ ಮನೆಯವರ ನಂಬರುಗಳನ್ನು ಒಂದು ಪುಟ್ಟ ಡೈರಿಯಲ್ಲಿ ಬರೆಸಿ. ಈಗಿನ ಮಕ್ಕಳಿಗೆ ಅಮ್ಮನ ನಂಬರೂ ನೆನಪಿರುವುದಿಲ್ಲ, ಮೊಬೈಲ್ ಕೈಯಲ್ಲಿ ಇಲ್ಲದಾಗ ಗೊತ್ತಾಗುತ್ತದೆ.

ಹೊರಡುವ ದಿನ

ಬೆಂಗಳೂರಿನಿಂದ ಭುವನೇಶ್ವರಕ್ಕೆ ಪ್ರಶಾಂತಿ ಎಕ್ಸ್‌ಪ್ರೆಸ್ ಇದೆ. ಹುಬ್ಬಳ್ಳಿ, ಗದಗ, ಹೊಸಪೇಟೆ, ಬಳ್ಳಾರಿ ಕಡೆಯವರಿಗೆ ಅಮರಾವತಿ ಎಕ್ಸ್‌ಪ್ರೆಸ್. ಒಂದು ದಿನಕ್ಕಿಂತ ಜಾಸ್ತಿ ಪ್ರಯಾಣ. ಬಾಲುಗಾಂವ್‌ನಲ್ಲಿ ಇಳಿಯಬೇಕೋ ಖುರ್ದಾ ರೋಡ್‌ನಲ್ಲೋ ಅಂತ ಲೆಟರ್ ನೋಡಿ, ಗಾಡಿ ನಿಲ್ಲುತ್ತದಾ ಅಂತ ಖಚಿತ ಮಾಡಿಕೊಂಡು ಟಿಕೆಟ್ ಮಾಡಿಸಿ. ಹೇಳಿದ ದಿನಕ್ಕೆ ಒಂದು ದಿನ ಮುಂಚೆ ಆ ಊರು ಮುಟ್ಟುವ ಹಾಗಿರಲಿ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಒಡಿಶಾ ಕರಾವಳಿಗೆ ಚಂಡಮಾರುತದ ಕಾಲ. ರೈಲು ತಡವಾಗುವುದು, ರದ್ದಾಗುವುದು ಉಂಟು.

ಜೊತೆಗೆ ಒಬ್ಬರು ಹೋದರೆ ಸಾಕು. ಅತ್ತರೆ ತಪ್ಪಿಲ್ಲ, ಆದರೆ ಅದನ್ನು ಮನೆಯಲ್ಲೇ ಮುಗಿಸಿಕೊಂಡು ಬಂದರೆ ಅವನಿಗೆ ಸುಲಭ. ನಮ್ಮಲ್ಲಿ ಹಿಂದಿನ ರಾತ್ರಿ ಎಲ್ಲರೂ ಅತ್ತಾಗಿತ್ತು. ಬೆಳಗ್ಗೆ ಅವ್ವ ದೇವರಿಗೆ ದೀಪ ಹಚ್ಚಿ, ಮೊಸರನ್ನ ಉಣ್ಣಿಸಿ, "ಹೋಗಿ ಬಾ" ಅಂದಳು. ಇಷ್ಟೇ.

ಮೊದಲ ತಿಂಗಳು: ಫೋನ್

ನಾವು ಜಾಸ್ತಿ ತಪ್ಪು ಮಾಡಿದ್ದು ಇಲ್ಲೇ.

ತರಬೇತಿಯಲ್ಲಿ ಮೊಬೈಲ್ ಬೇಕಾದಾಗ ಬಳಸಲು ಸಿಗುವುದಿಲ್ಲ. ಬಿಟ್ಟಾಗ ಮಾತ್ರ ಕಾಲ್, ಅದೂ ಸ್ವಲ್ಪ ಹೊತ್ತು. ಸುದ್ದಿ ಇಲ್ಲ ಅಂದರೆ ಕೆಟ್ಟ ಸುದ್ದಿ ಅಂತಲ್ಲ. ನಮಗೆ ಮೊದಲ ಕಾಲ್ ಬಂದಿದ್ದು ಹನ್ನೊಂದನೇ ದಿನ ಸಂಜೆ, ಗೊತ್ತಿಲ್ಲದ ನಂಬರಿನಿಂದ. ಅವ್ವ ಎತ್ತಿದಳು. "ಊಟ ಆತೇನಪ್ಪಾ?" ಅಂದಳು. "ಆತವ್ವ" ಅಂದ. ಅಷ್ಟರಲ್ಲಿ ಅವ್ವನಿಗೆ ಗಂಟಲು ಕಟ್ಟಿತು. ಅವನಿಗೂ ಕಟ್ಟಿತು. ಅಪ್ಪ ಫೋನ್ ಕಸಿದುಕೊಂಡು "ಧೈರ್ಯ ತಗೋ, ಧೈರ್ಯ ತಗೋ" ಅಂದರು. ಕಾಲ್ ಮುಗಿಯಿತು. ಅವನು ಹೇಗಿದ್ದಾನೆ ಅಂತ ನಮಗೆ ಒಂದು ಅಕ್ಷರವೂ ತಿಳಿಯಲಿಲ್ಲ.

ಅವತ್ತು ರಾತ್ರಿ ಒಂದು ಹಾಳೆಯಲ್ಲಿ ಪ್ರಶ್ನೆ ಬರೆದು ಕ್ಯಾಲೆಂಡರ್ ಪಕ್ಕದ ಗೋಡೆಗೆ ಅಂಟಿಸಿದೆ. ಮೂರೇ ಪ್ರಶ್ನೆ:

- ಇವತ್ತು ಏನು ಉಂಡೆ?
- ಪಕ್ಕದ ಹಾಸಿಗೆಯವನು ಯಾವ ಊರಿನವನು?
- ಕಾಲು ಹೇಗಿದೆ?

"ಹೇಗಿದ್ದೀಯ" ಅಂದರೆ "ಚೆನ್ನಾಗಿದ್ದೀನಿ" ಅಂತಲೇ ಉತ್ತರ ಬರುತ್ತದೆ. ಸಣ್ಣ ಪ್ರಶ್ನೆಗೆ ನಿಜವಾದ ಉತ್ತರ ಬರುತ್ತದೆ. ಪಕ್ಕದವನು ಹರಿಯಾಣದವನು, ರಾತ್ರಿ ಗೊರಕೆ ಹೊಡೆಯುತ್ತಾನೆ ಅಂತ ಹೇಳುವಾಗ ತಮ್ಮ ನಕ್ಕ. ಮನೆಯ ಸುದ್ದಿಯೂ ಸಣ್ಣದೇ ಇರಲಿ. ಎಮ್ಮೆ ಕರು ಹಾಕಿತು, ಮೆಣಸಿನಕಾಯಿ ಕೊಯ್ಲು ಮುಗಿಯಿತು, ಹೀಗೆ.

ಎರಡು ಮಾತನ್ನು ಮಾತ್ರ ಯಾವತ್ತೂ ಆಡಬೇಡಿ. ಒಂದು, "ಕಷ್ಟ ಆದ್ರೆ ಬಿಟ್ಟು ಬಾ." ಪ್ರೀತಿಯಿಂದಲೇ ಹೇಳುತ್ತೇವೆ. ಆದರೆ ಕೈ ಸೋತ ಹೊತ್ತಿನಲ್ಲಿ ಆ ಮಾತು ತಲೆಯಲ್ಲಿ ಸುತ್ತುತ್ತಲೇ ಇರುತ್ತದೆ. ಇನ್ನೊಂದು, "ವಾಪಸ್ ಬಂದ್ರೆ ಊರಲ್ಲಿ ಮುಖ ತೋರಿಸೋ ಹಾಗಿಲ್ಲ." ಇದು ಇನ್ನೂ ಕೆಟ್ಟದ್ದು. ನಿಜವಾಗಿ ಗಾಯವಾದವನೂ ಈ ಮಾತಿಗೆ ಹೆದರಿ ನೋವು ಮುಚ್ಚಿಡುತ್ತಾನೆ. ಕಾಲು ನೋವು ದಿನೇ ದಿನೇ ಜಾಸ್ತಿ ಆಗುತ್ತಿದೆ ಅಂದರೆ "ತಡ್ಕೋ" ಅನ್ನಬೇಡಿ. "ನಾಳೆನೇ ಡಾಕ್ಟರಿಗೆ ತೋರಿಸು" ಅನ್ನಿ. ಚಿಲ್ಕಾದಲ್ಲಿ ನೌಕಾಪಡೆಯದೇ ಆಸ್ಪತ್ರೆ ಇದೆ, ಹೆಸರು ಐಎನ್‌ಎಚ್‌ಎಸ್ ನಿವಾರಿಣಿ.

ಮೂರನೇ ವಾರದ ಸುಮಾರಿಗೆ "ಅಕ್ಕಾ, ನನ್ನ ಕೈಲಿ ಆಗಂಗಿಲ್ಲ" ಅನ್ನೋ ಕಾಲ್ ನನಗೂ ಬಂತು. ಏನೂ ಬುದ್ಧಿ ಹೇಳಲಿಲ್ಲ. ಪೂರ್ತಿ ಕೇಳಿದೆ. "ಮುಂದಿನ ಕಾಲ್‌ವರೆಗೆ ಮಾಡು. ಆಮೇಲೆ ಮತ್ತೆ ಮಾತಾಡೋಣ" ಅಂದೆ. ಮುಂದಿನ ಕಾಲ್‌ನಲ್ಲಿ ಅವನು ಆ ಮಾತನ್ನೇ ಎತ್ತಲಿಲ್ಲ. ನೌಕಾಪಡೆಯಲ್ಲಿ ತರಬೇತಿ ಪಡೆಯುವ ಪ್ರತಿಯೊಬ್ಬರಿಗೂ ಅವರ ಡಿವಿಷನ್, ಅಂದರೆ ತಂಡ, ನೋಡಿಕೊಳ್ಳುವ ಒಬ್ಬ ಡಿವಿಷನಲ್ ಆಫೀಸರ್ ಇರುತ್ತಾರೆ. ಕಷ್ಟ ಸುಖ ಹೇಳಿಕೊಳ್ಳಲು ಅವರೇ ದಾರಿ. ಅವರ ಹತ್ತಿರ ಮಾತಾಡು ಅಂತ ಧೈರ್ಯ ತುಂಬಿ.

ಆದರೆ ಬದುಕೇ ಬೇಡ ಅನ್ನೋ ತರಹದ ಮಾತು ಬಂದರೆ ಮುಂದಿನ ಕಾಲ್‌ಗೆ ಕಾಯಬೇಡಿ. ತಕ್ಷಣ ಕೇಂದ್ರಕ್ಕೆ ಫೋನ್ ಮಾಡಿ ತಿಳಿಸಿ. ಅದಕ್ಕಾಗಿಯೇ ಕೇಂದ್ರದ ಫೋನ್ ನಂಬರ್, ಮಗನಿಗೆ ಅಥವಾ ಮಗಳಿಗೆ ಅಲ್ಲಿ ಕೊಟ್ಟ ನಂಬರ್, ಡಿವಿಷನ್ ಹೆಸರು ಮೊದಲ ಕಾಲ್‌ನಲ್ಲೇ ಬರೆದುಕೊಳ್ಳಿ. ಮನೆಯವರಿಗೇ ಮನಸ್ಸು ತಡೆಯದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416 ಇದೆ, ಕನ್ನಡದಲ್ಲೇ ಮಾತಾಡಬಹುದು.

ಮನೆಯಲ್ಲಿ ಸಾವು ನೋವಾದರೆ ಯಾರು ತಿಳಿಸಬೇಕು ಅಂತ ಮೊದಲೇ ನಿರ್ಧರಿಸಿ. ಒಬ್ಬರೇ ಹೇಳಬೇಕು, ಕೇಂದ್ರದ ಮೂಲಕ ಹೇಳಬೇಕು. ಸಣ್ಣ ಜ್ವರ, ಗದ್ದೆಯ ಜಗಳ, ಬಡ್ಡಿ ಸಾಲ ಇವೆಲ್ಲ ನಾಲ್ಕು ತಿಂಗಳು ಕಾಯಬಹುದು.

ಪತ್ರ ಬರೆಯಿರಿ

ಇನ್‌ಲ್ಯಾಂಡ್ ಲೆಟರ್ ಇನ್ನೂ ಎರಡೂವರೆ ರೂಪಾಯಿಗೆ ಸಿಗುತ್ತದೆ. ಕಾಲ್ ಮೂರು ನಿಮಿಷಕ್ಕೆ ಮುಗಿಯುತ್ತದೆ, ಪತ್ರವನ್ನು ರಾತ್ರಿ ಮತ್ತೆ ಓದಬಹುದು. ವಾರಕ್ಕೊಬ್ಬರಂತೆ ಮನೆಯವರೆಲ್ಲ ಬರೆಯಿರಿ. ಬರೆಯಲು ಬರದ ಅಜ್ಜಿ ಹೇಳಲಿ, ಮೊಮ್ಮಗಳು ಬರೆಯಲಿ. ವಿಳಾಸದಲ್ಲಿ ಅವರ ನಂಬರ್, ಡಿವಿಷನ್ ಸರಿಯಾಗಿ ಇರಬೇಕು.

ದುಡ್ಡು, ವಾಟ್ಸಾಪ್, ಮೋಸ

ಮೊದಲ ಸಂಬಳ ಬಂತು ಅಂತ ಬೈಕ್ ಸಾಲ, ಮನೆ ರಿಪೇರಿ ಸಾಲ ಮಾಡಬೇಡಿ. ಕೈಗೆ ಬರುವುದು 21,000, ಅದೂ ನಾಲ್ಕು ವರ್ಷದ ಲೆಕ್ಕ. ಅದರಲ್ಲಿ ಒಂದಿಷ್ಟು ಅವನ ಹೆಸರಲ್ಲೇ ಉಳಿಯಲಿ.

ಸಮವಸ್ತ್ರದ ಫೋಟೋ ಹಾಕುವ ಆಸೆ ಎಲ್ಲರಿಗೂ ಇರುತ್ತದೆ. ಆದರೂ ತಡೆಯಿರಿ. ಯಾವ ಹಡಗು, ಎಲ್ಲಿದೆ, ಯಾವಾಗ ಹೊರಡುತ್ತದೆ ಅನ್ನೋದನ್ನು ಸ್ಟೇಟಸ್‌ಗೆ ಹಾಕಲೇಬೇಡಿ. ನಾವಿಕರನ್ನು ಸಾಮಾಜಿಕ ಜಾಲತಾಣದ ಮೂಲಕ ಬಲೆಗೆ ಕೆಡವಿದ ಪ್ರಕರಣ ಬಯಲಾದ ಮೇಲೆ 2019ರ ಡಿಸೆಂಬರ್‌ನಲ್ಲಿ ನೌಕಾಪಡೆ ತನ್ನ ಹಡಗು ಮತ್ತು ನೆಲೆಗಳಲ್ಲಿ ಸ್ಮಾರ್ಟ್‌ಫೋನ್, ಫೇಸ್‌ಬುಕ್ ನಿಷೇಧಿಸಿತು. ಮನೆಯವರೂ ಅದೇ ಶಿಸ್ತಿನಲ್ಲಿ ಇರಬೇಕು.

"ನಿಮ್ಮ ಮಗನಿಗೆ ಏಟಾಗಿದೆ, ಈ ನಂಬರಿಗೆ ದುಡ್ಡು ಹಾಕಿ" ಅಂತ ಕಾಲ್ ಬಂದರೆ ಕಟ್ ಮಾಡಿ, ಲೆಟರ್‌ನಲ್ಲಿರುವ ನಂಬರಿಗೆ ನೀವೇ ಮಾಡಿ ಕೇಳಿ. ಮೆಡಿಕಲ್ ಪಾಸ್ ಮಾಡಿಸುತ್ತೇನೆ ಅನ್ನುವ ಮಧ್ಯವರ್ತಿಗೆ ಒಂದು ರೂಪಾಯಿಯೂ ಕೊಡಬೇಡಿ.

ವಾಪಸ್ ಬಂದರೆ

ಮೆಡಿಕಲ್‌ನಲ್ಲಿ ಅನ್‌ಫಿಟ್ ಆಗಿಯೋ ತರಬೇತಿಯಲ್ಲಿ ಗಾಯವಾಗಿಯೋ ಕೆಲವರು ಹಿಂದಿರುಗುತ್ತಾರೆ. ಹಾಗಾದರೆ ಸ್ಟೇಷನ್ನಿಗೆ ಕರೆತರಲು ಹೋಗಿ. ಕಳಿಸುವಾಗ ಎಷ್ಟು ಜನ ಇದ್ದರೋ ಅಷ್ಟೂ ಜನ ಬೇಡ, ಒಬ್ಬರು ಸಾಕು. ಒಂದು ವಾರ ಯಾವ ಪ್ರಶ್ನೆಯನ್ನೂ ಕೇಳಬೇಡಿ. ಊರಿನವರಿಗೆ ಉತ್ತರ ಕೊಡುವ ಕೆಲಸ ಮನೆಯ ಹಿರಿಯರದು, ಅವನದಲ್ಲ. ಮಗಳಾದರೆ ಮಾತಾಡುವ ಬಾಯಿ ಜಾಸ್ತಿ, ಆಗ ನೀವು ಅವಳ ಮುಂದೆ ನಿಲ್ಲಬೇಕು. ಅಗ್ನಿವೀರರ ಮೊದಲ ಬ್ಯಾಚಿನಲ್ಲೇ 270ಕ್ಕೂ ಹೆಚ್ಚು ಹೆಣ್ಣು ಮಕ್ಕಳು ಚಿಲ್ಕಾದಲ್ಲಿ ತರಬೇತಿ ಮುಗಿಸಿದರು ಅಂತ ಅಂಥವರಿಗೆ ಹೇಳಿ.

ಪಾಸಿಂಗ್ ಔಟ್ ಪರೇಡ್

ತರಬೇತಿ ಮುಗಿಸಿದವರ ಈ ಪರೇಡ್ ಆ ಮೊದಲ ಬ್ಯಾಚಿಗೆ ನಡೆದದ್ದು 2023ರ ಮಾರ್ಚ್ 28ರಂದು, ಸೂರ್ಯ ಮುಳುಗಿದ ಮೇಲೆ. ಸಾಮಾನ್ಯವಾಗಿ ಬೆಳಗಿನ ಹೊತ್ತು ನಡೆಯುತ್ತಿದ್ದ ಪರೇಡ್ ಅದು. ಆದ್ದರಿಂದ ದಿನ ಮಾತ್ರವಲ್ಲ, ಹೊತ್ತನ್ನೂ ಕೇಳಿಕೊಂಡು ಹೊರಡಿ. ರೈಲ್ವೆ ಬುಕಿಂಗ್ 60 ದಿನ ಮುಂಚೆ ತೆರೆಯುತ್ತದೆ, ಅಷ್ಟರೊಳಗೆ ದಿನಾಂಕ ಗೊತ್ತಾದರೆ ತಡಮಾಡಬೇಡಿ. ಉಳಿಯಲು ಬಾಲುಗಾಂವ್ ಹತ್ತಿರ, ಅಲ್ಲಿ ಸಿಗದಿದ್ದರೆ ಭುವನೇಶ್ವರ. ಹೋಗುವವರೆಲ್ಲರ ಗುರುತಿನ ಚೀಟಿಯ ಮೂಲ ಪ್ರತಿ ಬೇಕು. ಸೆಕೆ ಜಾಸ್ತಿ, ವಯಸ್ಸಾದವರಿಗೆ ಟೋಪಿ, ನೀರು ಇರಲಿ.

ನಾವು ಹೋದಾಗ ಸಾಲಿನಲ್ಲಿ ತಮ್ಮನನ್ನು ಗುರುತಿಸಲು ಆಗಲೇ ಇಲ್ಲ. ಎಲ್ಲರದ್ದೂ ಒಂದೇ ಬಿಳಿ ಬಟ್ಟೆ, ಒಂದೇ ಹೆಜ್ಜೆ. ಅಪ್ಪ ಮಾತ್ರ ನಡಿಗೆಯಿಂದಲೇ ಹಿಡಿದರು. ಸೈಕಲ್ ಮೇಲೆ ಹಿಂದಿನಿಂದ ಅಷ್ಟು ದಿನ ನೋಡಿದ್ದರಲ್ಲ. ಅವ್ವ ಅದೇ ಸಣ್ಣ ಡಬ್ಬಿಯಲ್ಲಿ ಉಪ್ಪಿನಕಾಯಿ ತಂದಿದ್ದಳು. ಸಿಕ್ಕ ಕೂಡಲೇ ಅವನು ಅಂಗೈಗೆ ಹಾಕಿಸಿಕೊಂಡು ನೆಕ್ಕಿದ.

ಚಿಲ್ಕಾ ಮುಗಿದ ಮೇಲೆ ಅವರವರ ಕೆಲಸಕ್ಕೆ ತಕ್ಕ ತರಬೇತಿ ಬೇರೆ ಕಡೆ ಇರುತ್ತದೆ. ಎಂಜಿನಿಯರಿಂಗ್ ಕೆಲಸಕ್ಕೆ ಲೋನಾವಳಾದ ಐಎನ್‌ಎಸ್ ಶಿವಾಜಿ, ವಿದ್ಯುತ್ ಕೆಲಸಕ್ಕೆ ಜಾಮ್‌ನಗರದ ಐಎನ್‌ಎಸ್ ವಲ್ಸುರಾ, ಹೀಗೆ. ವಿಳಾಸ ಬದಲಾಗುತ್ತದೆ, ಕಾಲ್ ಬರುವ ಹೊತ್ತೂ ಬದಲಾಗುತ್ತದೆ. ಊರಿಗೆ ಬಂದ ಮೇಲೆ ಗೋಡೆಯ ಹಳೇ ಹಾಳೆ ತೆಗೆದು ಹೊಸದು ಅಂಟಿಸಿದೆ. ಪ್ರಶ್ನೆ ಅವೇ ಮೂರು. ಮೇಲೆ ವಿಳಾಸ ಮಾತ್ರ ಜಾಮ್‌ನಗರದ್ದು.